ಬಣ್ಣ ಬಳಿಯುವ ಮುನ್ನ: ಹೊರಾಂಗಣ ಕಬ್ಬಿಣದ ತುಕ್ಕು ನಿವಾರಣೆ

ಮೇ ತಿಂಗಳು ಬಂತೆಂದರೆ ಕರಾವಳಿಯ ಕೈಗಾರಿಕಾ ಪ್ರದೇಶಗಳಲ್ಲಿ ಷೆಡ್ಡುಗಳಿಗೆ ಬಣ್ಣ ಬಳಿಸುವ ಅವಸರ. ಮಳೆಗೆ ಮೊದಲು ಟ್ರಸ್, ಗೇಟು, ಟ್ಯಾಂಕಿನ ಸ್ಟ್ಯಾಂಡುಗಳಿಗೆ ಒಂದು ಕೋಟ್ ಬಿದ್ದರೆ ಸಾಕೆಂಬ ಭಾವನೆ. ಬೈಕಂಪಾಡಿಯಲ್ಲಿರುವ ನಮ್ಮ ಸಣ್ಣ ಘಟಕದಲ್ಲಿಯೂ ಒಂದು ವರ್ಷ ಹೀಗೆಯೇ ಆಯಿತು. ಗುತ್ತಿಗೆದಾರರು ವೈರ್ ಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ದುಬಾರಿ ಎನಾಮೆಲ್ ಹಚ್ಚಿ ಎರಡೇ ದಿನದಲ್ಲಿ ಕೆಲಸ ಮುಗಿಸಿದರು. ದಸರಾದ ಹೊತ್ತಿಗೆ ಬಣ್ಣ ಹಪ್ಪಳದಂತೆ ಎದ್ದಿತ್ತು. ನಾವು ಬಣ್ಣವನ್ನು ದೂರಿದೆವು, ತಪ್ಪು ಬಣ್ಣದ್ದಾಗಿರಲಿಲ್ಲ. ಎದ್ದ ಪದರವನ್ನು ತಿರುಗಿಸಿ ನೋಡಿದಾಗ ಅದರ ಒಳಮೈಗೆ ತುಕ್ಕಿನ ಪುಡಿ ಅಂಟಿಕೊಂಡಿತ್ತು. ಬಣ್ಣ ಹಿಡಿದದ್ದು ತುಕ್ಕನ್ನು, ಕಬ್ಬಿಣವನ್ನಲ್ಲ.

ಕಬ್ಬಿಣ, ನೀರು ಮತ್ತು ಆಮ್ಲಜನಕ ಸೇರಿದಾಗ ತುಕ್ಕು ಹುಟ್ಟುತ್ತದೆ. ಅದು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಬಣ್ಣವನ್ನು ಎತ್ತಿ ಹಾಕುತ್ತದೆ. ಇದು ಎಲ್ಲರಿಗೂ ತಿಳಿದ ವಿಷಯ. ಆದರೆ ಕಣ್ಣಿಗೆ ಬೀಳದ ಶತ್ರು ಉಪ್ಪು. ಸಮುದ್ರದ ಗಾಳಿಯಲ್ಲಿ ಬರುವ ಉಪ್ಪು ತುಕ್ಕಿನ ಕುಳಿಗಳಲ್ಲಿ ಸೇರಿಕೊಂಡಿರುತ್ತದೆ. ವೈರ್ ಬ್ರಷ್ ಪುಡಿಯನ್ನು ತೆಗೆದೀತು, ಉಪ್ಪನ್ನಲ್ಲ. ಉಪ್ಪು ಬಣ್ಣದ ಪದರದ ಮೂಲಕವೇ ತೇವವನ್ನು ಒಳಗೆ ಎಳೆದು ಗುಳ್ಳೆಗಳನ್ನು ಎಬ್ಬಿಸುತ್ತದೆ. ಆದುದರಿಂದ ಸಮುದ್ರದ ಸಮೀಪವಿರುವವರು ಉಜ್ಜುವ ಮೊದಲೊಮ್ಮೆ, ಉಜ್ಜಿದ ಬಳಿಕ ಇನ್ನೊಮ್ಮೆ ಸಿಹಿನೀರಿನಿಂದ ತೊಳೆದು, ಕೂಡಲೇ ಚೆನ್ನಾಗಿ ಒಣಗಿಸುವುದು ಅತ್ಯವಶ್ಯಕ. ಬಾವಿಯ ನೀರು ಉಪ್ಪಾಗಿದ್ದರೆ ಅದನ್ನು ಬಳಸಬಾರದು.

ಎಣ್ಣೆ, ಗ್ರೀಸುಗಳ ಕಲೆಗಳನ್ನು ಇವೆಲ್ಲಕ್ಕೂ ಮೊದಲೇ ಸಾಬೂನು ದ್ರಾವಣ ಅಥವಾ ಥಿನ್ನರಿನಿಂದ ತೆಗೆಯಬೇಕು. ಇಲ್ಲವಾದರೆ ಬ್ರಷ್ ಅದನ್ನು ಎಲ್ಲೆಡೆ ಹರಡುತ್ತದೆ. ಅನಂತರ ಪೊರೆ ಎದ್ದ ತುಕ್ಕನ್ನು ಚಿಪ್ಪಿಂಗ್ ಸುತ್ತಿಗೆ, ಸ್ಕ್ರೇಪರುಗಳಿಂದ ಕೆರೆದು, ವೈರ್ ಬ್ರಷ್ ಮತ್ತು ಎಮರಿ ಕಾಗದದಿಂದ ಉಜ್ಜಬೇಕು. ವೆಲ್ಡಿಂಗಿನ ಹನಿಗಳನ್ನು ಗ್ರೈಂಡರಿನಿಂದ ತೆಗೆದು, ಚೂಪಾದ ಅಂಚುಗಳನ್ನು ಸ್ವಲ್ಪ ದುಂಡಗೆ ಮಾಡಬೇಕು. ಒದ್ದೆ ಬಣ್ಣ ಅಂಚಿನಿಂದ ಹಿಂದೆ ಸರಿದು ಅಲ್ಲಿ ತೆಳುವಾಗುವುದರಿಂದಲೇ ತುಕ್ಕು ಹೆಚ್ಚಾಗಿ ಅಂಚಿನಲ್ಲಿ ಆರಂಭವಾಗುತ್ತದೆ.

ಹೊಸ ಆಂಗಲ್, ಚಾನೆಲ್‌ಗಳ ಮೇಲಿರುವ ನೀಲಿ-ಕಪ್ಪು ಹೊಳಪಿನ ಪದರ, ಅಂದರೆ ಮಿಲ್ ಸ್ಕೇಲ್, ರಕ್ಷಣೆಯೆಂದು ಭಾವಿಸುವವರಿದ್ದಾರೆ. ಅದು ಬಿರುಕು ಬಿಟ್ಟಲ್ಲಿ ಕೆಳಗಿನ ಉಕ್ಕು ಮತ್ತಷ್ಟು ಬೇಗ ಸವೆಯುತ್ತದೆ. ಇದನ್ನು ಪೂರ್ಣವಾಗಿ ತೆಗೆಯಲು ಬ್ಲಾಸ್ಟಿಂಗ್ ಬೇಕು. ಒಣ ಮರಳನ್ನು ಬಳಸಿದರೆ ಕಾರ್ಮಿಕರಿಗೆ ಸಿಲಿಕೋಸಿಸ್ ಬರುವ ಅಪಾಯವಿರುವುದರಿಂದ ಉಕ್ಕಿನ ಗ್ರಿಟ್ ಅಥವಾ ಕಾಪರ್ ಸ್ಲ್ಯಾಗ್ ಲೇಸು. ಆಗಲೂ ಮುಖರಕ್ಷಕ ಬೇಕೇ ಬೇಕು. ಕೊಡಚಾದ್ರಿಯ ಮೂಲ ಮೂಕಾಂಬಿಕಾ ಗುಡಿಯ ಬಳಿಯ ಕಬ್ಬಿಣದ ಕಂಬ ಬಣ್ಣವಿಲ್ಲದೆಯೇ ಅಷ್ಟೊಂದು ಮಳೆಗೆ ನಿಂತಿದೆಯಲ್ಲ ಎಂದು ಕೇಳುವ ಮಿತ್ರರಿದ್ದಾರೆ. ನಾವು ಅಂಗಡಿಯಿಂದ ತರುವ ಉಕ್ಕು ಆ ಲೋಹವಲ್ಲ.

ಮಾರುಕಟ್ಟೆಯಲ್ಲಿ ದೊರೆಯುವ 'ರಸ್ಟ್ ಕನ್ವರ್ಟರ್' ದ್ರಾವಣಗಳಲ್ಲಿ ಸಾಮಾನ್ಯವಾಗಿ ಫಾಸ್ಫಾರಿಕ್ ಅಥವಾ ಟ್ಯಾನಿಕ್ ಆಮ್ಲವಿರುತ್ತದೆ. ಕೆರೆದ ಮೇಲೂ ಉಳಿಯುವ ತೆಳುವಾದ, ಗಟ್ಟಿ ತುಕ್ಕಿಗೆ ಇವು ಉಪಯುಕ್ತ. ದಪ್ಪ ಪೊರೆಯ ಮೇಲೆ ಸುರಿದರೆ ಹಣ ವ್ಯರ್ಥ. ಫಾಸ್ಫಾರಿಕ್ ಆಮ್ಲ ಹೆಚ್ಚಾಗಿ ಉಳಿದರೆ ಅದೂ ತೇವವನ್ನೆಳೆಯುತ್ತದೆ. ತಯಾರಕರ ಸೂಚನೆಯಂತೆ ಅದನ್ನು ತೊಳೆಯಬೇಕು ಅಥವಾ ಒರೆಸಬೇಕು.

ಸ್ವಚ್ಛಗೊಂಡ ಕಬ್ಬಿಣವನ್ನು ರಾತ್ರಿಯಿಡೀ ಬಿಡಲೇಬಾರದು. ನಮ್ಮ ಹವೆಯಲ್ಲಿ ಸುಮಾರು ನಾಲ್ಕು ಗಂಟೆಗಳೊಳಗೆ ಪ್ರೈಮರ್ ಬೀಳಬೇಕು. ಸಾಪೇಕ್ಷ ಆರ್ದ್ರತೆ ಶೇ. 85ಕ್ಕಿಂತ ಕಡಿಮೆಯಿದ್ದು, ಲೋಹದ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕೆಂಬುದು ಈ ಕಸುಬಿನ ರೂಢಿಯ ನಿಯಮ. ಈ ದೃಷ್ಟಿಯಿಂದ ಮೇ ತಿಂಗಳ ಕೊನೆಗಿಂತ ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಎಷ್ಟೋ ಮೇಲು. ಪ್ರೈಮರ್ ಒಂದೇ ಮಳೆಯನ್ನು ತಡೆಯಲಾರದು. ಅದರ ಮೇಲಿನ ಕೋಟುಗಳನ್ನು ತಡಮಾಡದೆ ಮುಗಿಸಬೇಕು. ಜಿ.ಐ. ಶೀಟಿಗೆ ಸಾಮಾನ್ಯ ಎನಾಮೆಲನ್ನು ನೇರವಾಗಿ ಹಚ್ಚಿದರೆ ಸುಲಿದು ಬರುತ್ತದೆ. ಅದಕ್ಕೆ ಎಚ್ ಪ್ರೈಮರ್ ಬೇರೆಯೇ ಇದೆ.

ವ್ಯವಹಾರದ ಮಾತಿಗೆ ಬರೋಣ. 'ಚೆನ್ನಾಗಿ ಸ್ವಚ್ಛಗೊಳಿಸಿ ಬಣ್ಣ ಬಳಿಯುವುದು' ಎಂದಷ್ಟೇ ಬರೆದ ವರ್ಕ್ ಆರ್ಡರಿಗೆ ಬೆಲೆಯಿಲ್ಲ. ಐಎಸ್‌ಒ 8501-1 ಮಾನಕದಲ್ಲಿ ಕೈ ಅಥವಾ ಯಂತ್ರದ ಉಪಕರಣಗಳಿಂದ ಶುದ್ಧಿಗೊಳಿಸುವುದಕ್ಕೆ ಎಸ್‌ಟಿ 2, ಎಸ್‌ಟಿ 3 ಎಂಬ ದರ್ಜೆಗಳೂ ಬ್ಲಾಸ್ಟಿಂಗಿಗೆ ಎಸ್‌ಎ 2½ ಮುಂತಾದ ದರ್ಜೆಗಳೂ ಚಿತ್ರಸಹಿತವಾಗಿವೆ. ಬೇಕಾದ ದರ್ಜೆಯನ್ನು ಆದೇಶದಲ್ಲಿಯೇ ನಮೂದಿಸಿ, ಸ್ವಚ್ಛತೆಯ ದರವನ್ನು ಬಣ್ಣದ ದರದಿಂದ ಪ್ರತ್ಯೇಕವಾಗಿ ಕೇಳಿರಿ. ಮಾಲೀಕರು ಅಥವಾ ಅವರ ಪ್ರತಿನಿಧಿ ನೋಡಿ ಸಹಿ ಹಾಕುವವರೆಗೆ ಪ್ರೈಮರ್ ಡಬ್ಬಿ ತೆರೆಯಬಾರದೆಂಬ ಷರತ್ತನ್ನೂ ಸೇರಿಸಿರಿ. ಮರುವರ್ಷ ನಾವು ಹೀಗೆ ಬರೆದಾಗ ದರ ಏರಿತು, ಎರಡು ದಿನಗಳ ಕೆಲಸ ಒಂಬತ್ತು ದಿನ ಹಿಡಿಯಿತು. ಆ ಟ್ರಸ್ಸುಗಳಿಗೆ ಮತ್ತೆ ಬಣ್ಣ ಬಳಿಸಿದ್ದು ಐದು ಮಳೆಗಾಲಗಳು ಕಳೆದ ಮೇಲೆ.