ಬೆಲ್ಲದ ಪಾಯಸ ಒಡೆಯದಿರಲಿ
ದಿಢೀರ್ ನೆಂಟರು ಬಂದಾಗ ಸುಲಭಕ್ಕೆ ಆಗುವ ಸಿಹಿ, ಹೆಸರುಬೇಳೆ ಪಾಯಸ. 1 ಲೋಟ ಬೇಳೆಯನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿಯಿರಿ, ಕೆಂಪಗಾಗಲು ಬಿಡಬೇಡಿ. ಬೇಳೆ ಮೆತ್ತಗೆ ಬೆಂದ ಮೇಲಷ್ಟೇ ಬೆಲ್ಲ ಹಾಕಿ. ಮೊದಲೇ ಹಾಕಿದರೆ ಸರಿಯಾಗಿ ಬೇಯುವುದಿಲ್ಲ. ಬೆಲ್ಲದಲ್ಲಿ ಮರಳು, ಕಸ ಇರುವುದುಂಟು. ಹಾಗಾಗಿ 1 ಲೋಟ ಬೆಲ್ಲವನ್ನು ತುಸು ನೀರಿನಲ್ಲಿ ಕರಗಿಸಿ ಸೋಸಿಕೊಳ್ಳಿ.

ಬೆಲ್ಲದ ಜೊತೆ ಕುದಿಯುವಾಗ ಹಾಲು ಸುರಿದರೆ ಒಡೆಯುತ್ತದೆ. ಒಲೆ ಆರಿಸಿ, ಪಾಯಸ ಸ್ವಲ್ಪ ತಣಿದ ಮೇಲೆ ಕಾಯಿಸಿಟ್ಟ ಹಾಲು ಬೆರೆಸಿ. ತೆಂಗಿನಕಾಯಿಯ ಗಟ್ಟಿ ಹಾಲನ್ನೂ ಕೊನೆಗೇ ಹಾಕಿ, ಮತ್ತೆ ಕುದಿಸಬೇಡಿ. ಏಲಕ್ಕಿ ಪುಡಿ, ತುಪ್ಪದಲ್ಲಿ ಹುರಿದ ಗೋಡಂಬಿ, ದ್ರಾಕ್ಷಿ ಸೇರಿಸಿ.

ಆರುತ್ತಾ ಹೋದಂತೆ ಪಾಯಸ ಗಟ್ಟಿಯಾಗುತ್ತದೆ. ಆದ್ದರಿಂದ ತೆಳ್ಳಗಿರುವಾಗಲೇ ಇಳಿಸಿಬಿಡಿ.