ದೇವರ ಪರವಾಗಿ ಸುಳ್ಳು ಬೇಡ: ಡಾರ್ವಿನ್ ಪಾಠ ಓದುವ ಯೌವನಸ್ಥರಿಗೆ

ವಾಕ್ಯಭಾಗ: ಯೋಬ 13:7-10, ದಾನಿಯೇಲ 1:3-20

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ನಾಲ್ಕೂ ಕಡೆಯಿಂದ ಬಸ್ಸಲ್ಲಿ, ಬೈಕಲ್ಲಿ ಬಂದು ಕೂತಿದ್ದೀರಿ. ದೇವರಿಗೆ ಸ್ತೋತ್ರ. ಇವತ್ತಿನ ಪಾಠ ಒಂದು ತಪ್ಪೊಪ್ಪಿಗೆಯಿಂದ ಶುರುವಾಗುತ್ತೆ. ತಪ್ಪು ನಂದೇ.

ಕೆಲವು ವರ್ಷದ ಹಿಂದೆ ಶಿಡ್ಲಘಟ್ಟದಲ್ಲಿ ಯೂತ್ ಮೀಟಿಂಗ್ ಇತ್ತು. ಅಲ್ಲಿ ನಾನು ಜೋರಾಗಿ ಹೇಳಿದೆ: "ಡಾರ್ವಿನ್ ಸಾಯೋ ಮುಂಚೆ ಬೈಬಲ್ ಹಿಡಿದು ಅತ್ತ, ತನ್ನ ಸಿದ್ಧಾಂತ ತಪ್ಪು ಅಂತ ಪಶ್ಚಾತ್ತಾಪಪಟ್ಟ." ಎಲ್ಲರೂ ಹಲ್ಲೆಲೂಯಾ ಅಂದರು, ಚಪ್ಪಾಳೆ ಬಿತ್ತು. ಕೊನೇ ಸಾಲಲ್ಲಿ ಚಿಂತಾಮಣಿ ಕಡೆಯ ಒಬ್ಬ ತಮ್ಮ ಕೂತಿದ್ದ, ಬಿಎಸ್ಸಿ ಓದ್ತಿದ್ದವನು. ಮೀಟಿಂಗ್ ಮುಗಿದ ಮೇಲೆ ಬಂದು ಕೇಳಿದ: "ಪಾಸ್ಟರ್, ಇದು ಎಲ್ಲಿ ಬರೆದಿದೆ?" ನಾನು, "ಅನುಮಾನ ಪಡಬೇಡಪ್ಪಾ, ನಂಬಿಕೆಯಿಂದ ಕೇಳು" ಅಂದುಬಿಟ್ಟೆ.

ಮುಂದಿನ ಎರಡು ವಾರ ಅವನು ಬರಲಿಲ್ಲ. ಫೋನ್ ಮಾಡಿದೆ. ಅವನು ಹೇಳಿದ ಮಾತು ಇವತ್ತಿಗೂ ನನ್ನ ಎದೆಯಲ್ಲಿದೆ: "ಪಾಸ್ಟರ್, ನೀವು ಡಾರ್ವಿನ್ ಬಗ್ಗೆ ಹೇಳಿದ್ದು ಸುಳ್ಳು ಅಂತ ಹತ್ತು ನಿಮಿಷದಲ್ಲಿ ಗೊತ್ತಾಯ್ತು. ಯೇಸುವಿನ ಸಮಾಧಿ ಖಾಲಿಯಾಗಿತ್ತು ಅಂತ ಹೇಳಿದವರೂ ನೀವೇ. ಅದನ್ನ ಈಗ ಹೇಗೆ ನಂಬಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ನಾನು ಓದೋಕೆ ಕೂತೆ.

ಡಾರ್ವಿನ್ ಸತ್ತಿದ್ದು 1882ರ ಏಪ್ರಿಲ್ 19ಕ್ಕೆ. ಆ ಪಶ್ಚಾತ್ತಾಪದ ಕಥೆ ಅಚ್ಚಾಗಿದ್ದು 1915ರಲ್ಲಿ, ಅಮೆರಿಕದ ಬೋಸ್ಟನ್ನಿನ ಒಂದು ಬ್ಯಾಪ್ಟಿಸ್ಟ್ ಪತ್ರಿಕೆಯಲ್ಲಿ. ಹೇಳಿದವರು ಲೇಡಿ ಹೋಪ್ ಅನ್ನುವ ಸುವಾರ್ತಕಿ. ಅಂದರೆ ಅವನು ಸತ್ತು 33 ವರ್ಷ ಆದಮೇಲೆ! ತಂದೆಯ ಮರಣಶಯ್ಯೆಯ ಪಕ್ಕದಲ್ಲೇ ಇದ್ದ ಮಗಳು ಹೆನ್ರಿಯೆಟಾ 1922ರಲ್ಲಿ ಒಂದು ಕ್ರೈಸ್ತ ಪತ್ರಿಕೆಗೇ ಬರೆದು ಈ ಕಥೆಯನ್ನ ನಿರಾಕರಿಸಿದರು.

ನಿಜವಾದ ಡಾರ್ವಿನ್ ಯಾರು? ಪಾದ್ರಿ ಆಗಬೇಕು ಅಂತ ಕೇಂಬ್ರಿಜ್‌ನಲ್ಲಿ ಓದಿದವನು. 1851ರಲ್ಲಿ ಹತ್ತು ವರ್ಷದ ಮಗಳು ಆನಿಯನ್ನ ಕಳಕೊಂಡ ಅಪ್ಪ. ಕೊನೇ ವರ್ಷಗಳಲ್ಲಿ ತನ್ನನ್ನ ನಾಸ್ತಿಕ ಅಂತ ಕರಕೊಳ್ಳಲಿಲ್ಲ, ಅಜ್ಞೇಯತಾವಾದಿ ಅಂದುಕೊಂಡ. ಅಂದರೆ, ದೇವರು ಇದ್ದಾನೋ ಇಲ್ಲವೋ ತಿಳಿಯೋಕೆ ಆಗೋದಿಲ್ಲ ಅನ್ನುವವನು. ಮಗಳಿಗಾಗಿ ಅತ್ತ ಆ ಅಪ್ಪನ ನಿಜವಾದ ಕಣ್ಣೀರಿನ ಬಗ್ಗೆ ನಾನು ಒಂದು ಮಾತೂ ಹೇಳಲಿಲ್ಲ. ಸುರಿಸದೇ ಇದ್ದ ಕಣ್ಣೀರಿನ ಬಗ್ಗೆ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಕರ್ತನೇ ಕ್ಷಮಿಸಲಿ.

ಈಗ ಯೋಬ 13:7 ತೆಗೀರಿ. ಯೋಬನ ಸ್ನೇಹಿತರು ದೇವರ ಪರ ವಕೀಲಿಕೆ ಮಾಡ್ತಾ ಇದ್ದರು. ಯೋಬ ಅವರನ್ನ ಕೇಳ್ತಾನೆ: ದೇವರ ಪಕ್ಷ ಹಿಡಿದು ನೀವು ಸುಳ್ಳಾಡ್ತೀರಾ? 10ನೇ ವಚನದಲ್ಲಿ, ಹಾಗೆ ಮಾಡಿದರೆ ದೇವರೇ ನಿಮ್ಮನ್ನ ಗದರಿಸ್ತಾನೆ ಅಂತಾನೆ. ದೇವರಿಗೆ ನಮ್ಮ ಸುಳ್ಳಿನ ಆಸರೆ ಬೇಕಿಲ್ಲ. ಆಮೆನ್ ಹೇಳ್ರಿ. ಸುಳ್ಳುಸಾಕ್ಷಿ ಹೇಳಬಾರದು ಅನ್ನುವ ಆಜ್ಞೆಯಲ್ಲಿ, ಡಾರ್ವಿನ್ ವಿಷಯದಲ್ಲಿ ಮಾತ್ರ ಹೇಳಬಹುದು ಅಂತ ವಿನಾಯಿತಿ ಇಲ್ಲ.

ಹಾಗಾದರೆ ಆ ಸಿದ್ಧಾಂತ ಏನು ಹೇಳುತ್ತೆ? ಬೈಯ್ಯೋ ಮುಂಚೆ ಕೇಳಿಸಿಕೊಳ್ಳೋಣ. ಪೂರ್ತಿ ಕೇಳದೆ ಉತ್ತರ ಕೊಡೋದು ಮೂರ್ಖತನ ಅಂತ ಜ್ಞಾನೋಕ್ತಿ 18:13 ಎಚ್ಚರಿಸುತ್ತೆ.

ಡಾರ್ವಿನ್ ತನ್ನ 1859ರ ಪುಸ್ತಕವನ್ನ ಮಂಗನಿಂದ ಶುರು ಮಾಡಲಿಲ್ಲ. ಮೊದಲ ಅಧ್ಯಾಯ ಸಾಕುಪ್ರಾಣಿಗಳದು, ಅದರಲ್ಲೂ ಪಾರಿವಾಳ. 1868ರ ಇನ್ನೊಂದು ಪುಸ್ತಕದಲ್ಲಿ ರೇಷ್ಮೆಹುಳದ ಬಗ್ಗೆಯೂ ಬರೆದ. ಶಿಡ್ಲಘಟ್ಟದವರಿಗೆ ಇದನ್ನ ನಾನು ಹೇಳಿಕೊಡಬೇಕಾ? ನಾಲ್ಕು ಜ್ವರ ದಾಟಿ, ಹಣ್ಣಾಗಿ, ಚಂದ್ರಿಕೆಗೆ ಏರೋ ಹುಳವನ್ನ ನೀವು ಮನೆಯಲ್ಲೇ ನೋಡಿದ್ದೀರಿ. ಬಿತ್ತನೆ ಗೂಡಿಂದ ಹೊರಬಂದ ಚಿಟ್ಟೆ ರೆಕ್ಕೆ ಬಡಿಯುತ್ತೆ, ಆದರೆ ಹಾರೋದಿಲ್ಲ. ಅದರ ಕಾಡು ನೆಂಟ ಚೀನಾದಲ್ಲಿ ಈಗಲೂ ಇದೆ. ಅದು ಹಾರುತ್ತೆ. ಸಾವಿರಾರು ವರ್ಷ ಮನುಷ್ಯರು ಒಳ್ಳೇ ಗೂಡು ಕಟ್ಟೋ ಹುಳಗಳನ್ನೇ ಆರಿಸಿ ಆರಿಸಿ ಬಿತ್ತನೆಗೆ ಇಟ್ಟರು. ತಲೆಮಾರಿಂದ ತಲೆಮಾರಿಗೆ ತಳಿ ಬದಲಾಯ್ತು. ಇಲ್ಲಿ ಆರಿಸಿದ್ದು ಮನುಷ್ಯ.

ಮನುಷ್ಯ ಕೈ ಹಾಕದೇನೂ ಆಯ್ಕೆ ನಡೆಯುತ್ತೆ. ಚಿಂತಾಮಣಿ ಕಡೆ ಟೊಮೆಟೊ ಬೆಳೆಯೋರನ್ನ ಕೇಳಿ: "ಮೊದಲು ಈ ಔಷಧಿಗೆ ಸಾಯ್ತಿದ್ದ ಹುಳ ಈಗ ಸಾಯ್ತಿಲ್ಲ" ಅಂತಾರೆ. ಔಷಧಿ ಹೊಡೆದಾಗ ಹೆಚ್ಚಿನವು ಸತ್ತವು. ತಡಕೊಳ್ಳೋ ಗುಣ ಇದ್ದ ಕೆಲವು ಉಳಿದು ಮರಿ ಮಾಡಿದವು. ಆ ಗುಣ ಮರಿಗಳಿಗೂ ಬಂತು. ಇದಕ್ಕೇ ನೈಸರ್ಗಿಕ ಆಯ್ಕೆ ಅನ್ನೋದು.

ಸಿದ್ಧಾಂತ ಇಷ್ಟಕ್ಕೇ ನಿಲ್ಲೋದಿಲ್ಲ ನಿಜ. ಕೋಟ್ಯಂತರ ವರ್ಷಗಳಲ್ಲಿ ಎಲ್ಲ ಜೀವಿಗಳೂ ಸಮಾನ ಪೂರ್ವಜರಿಂದ ಕವಲೊಡೆದವು ಅನ್ನುತ್ತೆ. ಅದಕ್ಕೆ ಪಳೆಯುಳಿಕೆಗಳನ್ನೂ ಡಿಎನ್‌ಎಯನ್ನೂ ಪುರಾವೆಯಾಗಿ ಇಡುತ್ತೆ. ಒಂದು ಉದಾಹರಣೆ: ಚಿಂಪಾಂಜಿಗೆ 48 ವರ್ಣತಂತು, ನಮಗೆ 46. ನಮ್ಮ ಎರಡನೇ ವರ್ಣತಂತುವಿನಲ್ಲಿ, ಹಿಂದೆ ಎರಡಾಗಿದ್ದದ್ದು ತುದಿಗೆ ತುದಿ ಸೇರಿ ಒಂದಾದ ಗುರುತು ಇದೆ.

"ಮನುಷ್ಯ ಮಂಗನಿಂದ ಬಂದಿದ್ದರೆ ಮಂಗಗಳು ಯಾಕೆ ಇನ್ನೂ ಇವೆ?" ಅಂತ ಕೇಳಬೇಡಿ. ನಾನೂ ಕೇಳ್ತಿದ್ದೆ. ಈಗಿನ ಮಂಗ ನಮ್ಮ ತಾತ ಅಂತ ಆ ಸಿದ್ಧಾಂತ ಹೇಳೋದೇ ಇಲ್ಲ. ಒಂದೇ ತಾತನ ಮೊಮ್ಮಕ್ಕಳು ಬೇರೆ ಬೇರೆ ಮನೆಯಲ್ಲಿ ಇರೋ ಹಾಗೆ, ಅಂತ ಹೇಳುತ್ತೆ. "ಅದು ಬರೀ ಥಿಯರಿ" ಅಂತಲೂ ಅನ್ನಬೇಡಿ. ವಿಜ್ಞಾನದಲ್ಲಿ ಥಿಯರಿ ಅಂದರೆ ಬಾಯಿಗೆ ಬಂದ ಊಹೆ ಅಲ್ಲ, ಪರೀಕ್ಷೆಗಳನ್ನ ದಾಟಿ ನಿಂತ ವಿವರಣೆ.

2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ವಿಕಾಸದ ಭಾಗ ಇರಲಿಲ್ಲ. 1800ಕ್ಕೂ ಹೆಚ್ಚು ವಿಜ್ಞಾನಿಗಳೂ ಮೇಷ್ಟ್ರುಗಳೂ ವಿರೋಧಿಸಿ ಪತ್ರ ಬರೆದರು. ನಮ್ಮವರಲ್ಲಿ ಕೆಲವರು ಖುಷಿಪಟ್ಟು, "ಪ್ರೇಯ್ಸ್ ದ ಲಾರ್ಡ್" ಅಂತ ನನಗೆ ಮೆಸೇಜ್ ಹಾಕಿದರು. ನನಗೆ ಖುಷಿಯಾಗಲಿಲ್ಲ. ಪಾಠ ತೆಗೆದ ಮಾತ್ರಕ್ಕೆ ಪ್ರಶ್ನೆ ಹೋಗಲ್ಲ, ಉತ್ತರ ಕೊಡೋರು ಕಡಿಮೆಯಾಗ್ತಾರೆ ಅಷ್ಟೇ.

ದಾನಿಯೇಲನನ್ನ ನೋಡಿ. ಬಾಬೆಲಿನ ಅರಸನ ಊಟ ಬೇಡ ಅಂದ. ಆದರೆ ಬಾಬೆಲಿನ ಪಾಠ ಬೇಡ ಅಂದನಾ? ಇಲ್ಲ. ಕಸ್ದೀಯರ ಭಾಷೆ, ಅವರ ಶಾಸ್ತ್ರ, ಎಲ್ಲಾ ಕಲಿತ. ಆ ಶಾಸ್ತ್ರದಲ್ಲಿ ಅವನು ನಂಬದೇ ಇದ್ದದ್ದು ಎಷ್ಟಿತ್ತೋ! ಆದರೂ ಕಲಿತ. 17ನೇ ವಚನದಲ್ಲಿ ಆ ವಿದ್ಯೆ ಕೊಟ್ಟವನು ದೇವರೇ ಅಂತ ಬರೆದಿದೆ. 20ನೇ ವಚನದಲ್ಲಿ ಅರಸನ ಪರೀಕ್ಷೆಯಲ್ಲಿ ಹತ್ತರಷ್ಟು ಮೇಲಾದ. ದಾನಿಯೇಲನಿಗೆ ಎಲ್ಲಿ ಮೊಣಕಾಲೂರಬೇಕು, ಎಲ್ಲಿ ಪುಸ್ತಕ ತೆರೀಬೇಕು ಎರಡೂ ಗೊತ್ತಿತ್ತು.

ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರು, ವಿಚಾರವಾದಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿ ಮಾಡಿದರು. ಅಂಥವರು ನಮ್ಮ ಶತ್ರು ಅಂತ ನಾನು ಅಂದುಕೊಂಡಿದ್ದೆ. ಆದರೆ ಬೆರೋಯದವರು ಪೌಲನ ಮಾತನ್ನೂ ಹಾಗೇ ಒಪ್ಪಲಿಲ್ಲ, ದಿನಾ ಪರಿಶೋಧಿಸಿದರು. ಅದಕ್ಕೇ ಅಪೊಸ್ತಲರ ಕೃತ್ಯಗಳು 17:11 ಅವರನ್ನ ಹೊಗಳುತ್ತೆ. "ಎಲ್ಲಿ ಬರೆದಿದೆ?" ಅಂತ ನನ್ನನ್ನ ಕೇಳಿದ ಆ ತಮ್ಮ ಬೆರೋಯದವನೇ ಆಗಿದ್ದ. ನಾನು ಅವನನ್ನ ಅವಿಶ್ವಾಸಿ ಅಂತ ನೋಡಿದೆ.

ಹಾಗಾದರೆ ಘರ್ಷಣೆಯೇ ಇಲ್ವಾ ಪಾಸ್ಟರ್? ಇದೆ. ಮುಚ್ಚಿಡಲ್ಲ. ಆರು ದಿನ ಅಂದರೆ ಏನು? ಆದಾಮನು ಯಾರು? ಪಾಪದಿಂದ ಮರಣ ಬಂತು ಅಂತ ರೋಮಾಪುರ 5 ಹೇಳುವಾಗ, ಅದಕ್ಕೂ ಮುಂಚೆ ಸತ್ತ ಪ್ರಾಣಿಗಳ ಕಥೆ ಏನು? ಇದರಲ್ಲಿ ವಿಶ್ವಾಸಿಗಳೇ ಒಂದೇ ಅಭಿಪ್ರಾಯದವರಲ್ಲ. ಆರು ದಿನ ಅಂದರೆ 24 ಗಂಟೆಯ ಆರು ದಿನಗಳೇ ಅನ್ನುವವರು ಇದ್ದಾರೆ, ನಮ್ಮ ಸಭೆಗಳಲ್ಲಿ ಬಹಳ ಜನ ಹೀಗೇ ನಂಬ್ತಾರೆ. ಒಂದೊಂದು ದಿನವೂ ಒಂದೊಂದು ಯುಗ ಅನ್ನುವವರು ಇದ್ದಾರೆ. ದೇವರು ವಿಕಾಸದ ಮೂಲಕವೇ ಸೃಷ್ಟಿಸಿದ ಅನ್ನುವವರೂ ಇದ್ದಾರೆ. ಡಾರ್ವಿನ್ನನ ಕಾಲದಲ್ಲೇ ಅವನ ಪರ ನಿಂತ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಪ್ರೆಸ್ಬಿಟೇರಿಯನ್ ವಿಶ್ವಾಸಿ. 2003ರಲ್ಲಿ ಮುಗಿದ ಮಾನವ ಜೀನೋಮ್ ಯೋಜನೆಯನ್ನ ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಕೂಡ ಕ್ರೈಸ್ತ ವಿಶ್ವಾಸಿಯೇ.

ಆದರೆ ಒಂದು ಗೆರೆ ಸ್ಪಷ್ಟವಾಗಿ ತಿಳಕೊಳ್ಳಿ. "ಜೀವಿಗಳು ಹೇಗೆ ಬದಲಾದವು" ಅನ್ನೋದು ಜೀವಶಾಸ್ತ್ರದ ಪ್ರಶ್ನೆ. "ಆದ್ದರಿಂದ ದೇವರಿಲ್ಲ, ನಿನ್ನ ಬದುಕಿಗೆ ಅರ್ಥ ಇಲ್ಲ" ಅಂತ ಯಾರಾದರೂ ಹೇಳಿದರೆ, ಅದು ಲ್ಯಾಬಿನಲ್ಲಿ ಸಿಕ್ಕಿದ ಫಲಿತಾಂಶ ಅಲ್ಲ, ಅವರ ಸ್ವಂತ ನಂಬಿಕೆ. ಅದನ್ನ ಒಪ್ಪಬೇಕಿಲ್ಲ. ಮನುಷ್ಯನಿಗೆ ಬೆಲೆ ಬಂದದ್ದು ಅವನು ಯಾವ ವಸ್ತುವಿಂದ ಆದ ಅನ್ನೋದರಿಂದಲ್ಲ. ಆದಿಕಾಂಡ 2:7ರಲ್ಲಿ ನಾವು ಮಣ್ಣು. 2:19ರಲ್ಲಿ ಪ್ರಾಣಿಗಳೂ ಅದೇ ನೆಲದ ಮಣ್ಣು. ನಮ್ಮ ಬೆಲೆ ದೇವರ ಸ್ವರೂಪದಿಂದ, ಆತನು ಊದಿದ ಶ್ವಾಸದಿಂದ. ಹಲ್ಲೆಲೂಯಾ!

ಕೊನೆಗೆ ಮೂರು ಮಾತು. ಒಂದು, ಪರೀಕ್ಷೆಯಲ್ಲಿ ಪಾಠವನ್ನ ಇರೋ ಹಾಗೇ, ಚೆನ್ನಾಗಿ ಬರೀರಿ. ಅದು ದೇವರಿಗೆ ದ್ರೋಹ ಅಲ್ಲ. ಎರಡು, ಮೂಲ ನೋಡದೆ ಯಾವುದನ್ನೂ ಫಾರ್ವರ್ಡ್ ಮಾಡಬೇಡಿ, ನಾನು ಕಳಿಸಿದ್ದಾದರೂ ಸರಿ. ಮೂರು, ಪ್ರಶ್ನೆ ಬಂದರೆ ಒಬ್ಬರೇ ರಾತ್ರಿಯಿಡೀ ಒದ್ದಾಡಬೇಡಿ. ಬನ್ನಿ, ಕೇಳಿ. ಈ ಸಾರಿ ನಾನು ಗದರೋದಿಲ್ಲ.

ಆ ತಮ್ಮನ ವಿಷಯ ಕೇಳ್ತೀರಿ. ನಾನು ಚಿಂತಾಮಣಿಗೆ ಹೋದೆ, ಅವನ ಮನೆ ಜಗಲಿ ಮೇಲೆ ಕೂತು ಕ್ಷಮೆ ಕೇಳಿದೆ. ಅವರಮ್ಮ ಕಾಫಿ ಕೊಟ್ಟರು. ಅವನು ಇನ್ನೂ ಸಭೆಗೆ ಬಂದಿಲ್ಲ. ಆದರೆ ಫೋನ್ ಮಾಡಿದರೆ ಎತ್ತುತ್ತಾನೆ, ಈಗ ನನ್ನನ್ನ ಪ್ರಶ್ನೆ ಕೇಳ್ತಾನೆ. ನಾನು ಓದಿ ಉತ್ತರ ಕೊಡ್ತೀನಿ.

ಕಣ್ಣು ಮುಚ್ಚೋಣ. ಸತ್ಯದ ದೇವರೇ, ನಿನ್ನ ಹೆಸರಲ್ಲಿ ನಾವು ಆಡಿದ ಸುಳ್ಳನ್ನ ಕ್ಷಮಿಸು. ನಮ್ಮ ಮಾತಿಂದ ಎಡವಿ ದೂರ ಹೋದ ಮಕ್ಕಳನ್ನ ನೀನೇ ಹುಡುಕು. ಓದುವ ಈ ಯೌವನಸ್ಥರಿಗೆ ದಾನಿಯೇಲನ ಜ್ಞಾನವನ್ನೂ ಅವನ ಮೊಣಕಾಲನ್ನೂ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.