ಕಾಯುವಿಕೆಯ ಮೂರು ಅರ್ಥಗಳು

ಕನ್ನಡದ ‘ಕಾಯು’ ಎಂಬ ಕ್ರಿಯಾಪದಕ್ಕೆ ಮೂರು ಅರ್ಥಗಳುಂಟು. ಎದುರುನೋಡುವುದು ಮೊದಲನೆಯದು; ರಕ್ಷಿಸುವುದು ಎರಡನೆಯದು; ಬಿಸಿಯಾಗುವುದು ಮೂರನೆಯದು. ಕೊಟ್ಟಿಗೆಹಾರದ ವೃತ್ತದಲ್ಲಿ ಬಸ್ಸಿಗಾಗಿ ಕಾಯುತ್ತೇವೆ, ಫಸಲಿನ ದಿನಗಳಲ್ಲಿ ತೋಟವನ್ನು ಕಾಯುತ್ತೇವೆ, ಒಲೆಯ ಮೇಲೆ ನೀರು ಕಾಯುತ್ತದೆ. ವೈಯಾಕರಣರು ಇವನ್ನು ಬೇರೆ ಬೇರೆ ಧಾತುಗಳೆಂದು ಎಣಿಸಬಹುದು. ಆದರೆ 2025ರ ಮೇ-ಜೂನ್ ತಿಂಗಳುಗಳಲ್ಲಿ ಈ ಮೂರೂ ಅರ್ಥಗಳು ಒಬ್ಬ ಭಾರತೀಯನ ಬಾಳಿನಲ್ಲಿ ಒಂದಾಗಿ ಕೂಡಿದುದನ್ನು ಲೋಕವೇ ಕಂಡಿತು.

ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ತರಬೇತಿ ಪಡೆದಿದ್ದ ವಾಯುಸೇನೆಯ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಅವರು ಆಕ್ಸಿಯಮ್-4 ಯಾತ್ರೆಗಾಗಿ ಅಮೆರಿಕದ ಫ್ಲೋರಿಡಾದಲ್ಲಿ ಸಿದ್ಧರಾಗಿದ್ದರು. ಮೇ 29ಕ್ಕೆಂದು ನಿಗದಿಯಾಗಿದ್ದ ಉಡಾವಣೆ ಜೂನ್ 8ಕ್ಕೆ, ಬಳಿಕ 10ಕ್ಕೆ, 11ಕ್ಕೆ, 19ಕ್ಕೆ, 22ಕ್ಕೆ ಎಂದು ಮುಂದೆ ಮುಂದೆ ಹೋಯಿತು. ಕೊನೆಗೆ ಜೂನ್ 25ರಂದು, ನಮ್ಮ ಗಡಿಯಾರ ನಡುಹಗಲು ತೋರುವ ವೇಳೆಗೆ, ರಾಕೆಟ್ ಮೇಲೇರಿತು. ಇದು ಎದುರುನೋಟ.

ಈ ವಿಳಂಬವು ಬರಿಯ ಕಾಲಹರಣವಾಗಿರಲಿಲ್ಲ. ರಾಕೆಟ್ಟಿನಲ್ಲಿ ದ್ರವ ಆಮ್ಲಜನಕದ ಸೋರಿಕೆ ಕಂಡಾಗ, ಅದು ಪೂರ್ತಿ ಸರಿಯಾಗದೆ ಹಾರಾಟ ಬೇಡವೆಂದು ಅಧ್ಯಕ್ಷ ವಿ. ನಾರಾಯಣನ್ ಅವರ ನೇತೃತ್ವದ ಇಸ್ರೋ ತಂಡ ಪಟ್ಟುಹಿಡಿಯಿತು. ಅನಂತರ ಬಾಹ್ಯಾಕಾಶ ನಿಲ್ದಾಣದ ಜ್ವೆಜ್ದಾ ಭಾಗದ ಸೋರಿಕೆಯ ಪರಿಶೀಲನೆಗೂ ದಿನಗಳು ಬೇಕಾದವು. ಇತ್ತ ಯಾತ್ರಿಗಳು ಮೇ 25ರಿಂದಲೇ ಜನಸಂಪರ್ಕವಿಲ್ಲದೆ ಪ್ರತ್ಯೇಕವಾಸದಲ್ಲಿದ್ದರು. ಸಣ್ಣ ನೆಗಡಿಯೂ ವ್ಯೋಮದಲ್ಲಿ ದೊಡ್ಡ ತೊಡಕಾಗಬಲ್ಲುದು. ಹೀಗೆ ಯಂತ್ರವನ್ನೂ ದೇಹವನ್ನೂ ಕಾಯ್ದುದು ರಕ್ಷಣೆ.

ಇನ್ನು ಕಾವು. ಯಾತ್ರೆಯೊಡನೆ ಹೋಗಲಿದ್ದ ಪ್ರಯೋಗಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಸಿದ್ಧಪಡಿಸಿದ ಹೆಸರುಕಾಳು, ಮೆಂತ್ಯಗಳ ಮೊಳಕೆಯ ಪ್ರಯೋಗವೂ ಒಂದು. ನೀರು ಸೋಕುವ ತನಕ ಒಣಬೀಜವು ಜೀವವನ್ನು ಒಳಗೇ ಇಟ್ಟುಕೊಂಡಿರುತ್ತದೆ. ನಮ್ಮ ಕಾಫಿ ಗಿಡದ ಮೊಗ್ಗೂ ಹಾಗೆಯೇ ಹೂಮಳೆಗಾಗಿ ತಡೆದಿರುತ್ತದೆ; ಅಕಾಲದ ಮಳೆಗೆ ಅರಳಿದರೆ ಫಸಲು ಕೆಡುತ್ತದೆಂಬುದನ್ನು ಬೆಳೆಗಾರರು ಬಲ್ಲರು. ಹೊರಗೆ ನಿಶ್ಚಲ, ಒಳಗೆ ಸಿದ್ಧತೆ: ಇದೇ ಕಾವು.

ಆದರೆ ಕರೆಯೇ ಬಾರದಿದ್ದರೆ? ಇದು ನಾವು ಶಿಕ್ಷಕರು ಯೋಚಿಸಬೇಕಾದ ಪ್ರಶ್ನೆ. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಅವರು ಸೋವಿಯತ್ ನೌಕೆಯಲ್ಲಿ ಏರಿದಾಗ, ಅದೇ ತರಬೇತಿಯನ್ನು ಮುಗಿಸಿದ್ದ ರವೀಶ್ ಮಲ್ಹೋತ್ರಾ ಅವರು ನೆಲದಲ್ಲೇ ಉಳಿದರು. ಅವರಿಗೂ ರಾಷ್ಟ್ರವು ಕೀರ್ತಿ ಚಕ್ರವನ್ನಿತ್ತು ಗೌರವಿಸಿತು. 1970ರಲ್ಲಿ ಅಪೊಲೊ-13ರ ಕೆನ್ ಮ್ಯಾಟಿಂಗ್ಲಿ ಅವರನ್ನು, ಜರ್ಮನ್ ದಡಾರದ ಸೋಂಕು ತಗುಲಿರಬಹುದೆಂಬ ಶಂಕೆಯಿಂದ, ಉಡಾವಣೆಗೆ ಕೆಲವೇ ದಿನಗಳಿದ್ದಾಗ ಕೈಬಿಡಲಾಯಿತು. ರೋಗವೇನೋ ಬರಲಿಲ್ಲ, ಆದರೆ ನೌಕೆಯು ಆಪತ್ತಿಗೆ ಸಿಲುಕಿದಾಗ, ಸಂಗಡಿಗರನ್ನು ಮರಳಿ ತರುವ ಕ್ರಮವನ್ನು ರೂಪಿಸಲು ಭೂಮಿಯಿಂದ ಶ್ರಮಿಸಿದವರಲ್ಲಿ ಅವರೂ ಒಬ್ಬರು. ಅವರು ಗಳಿಸಿದ್ದ ಸಿದ್ಧತೆ ವ್ಯರ್ಥವಾಗಲಿಲ್ಲ.

ನಮ್ಮ ತರಗತಿಗಳಲ್ಲಿ ಓದಿದವರೆಲ್ಲರಿಗೂ ಮೊದಲ ಸ್ಥಾನ ದೊರೆಯುವುದಿಲ್ಲ, ದೊರೆಯದವರೇ ಹೆಚ್ಚು. ಅಂಕಪಟ್ಟಿ ಹಿಡಿದು ಮುಖ ಬಾಡಿಸಿ ನಿಂತ ಮಗುವಿಗೆ ಬರಿಯ ಸಮಾಧಾನದ ಮಾತು ಸಾಲದು. ನೀನು ಕಲಿತುದು ನಿನ್ನಲ್ಲಿಯೇ ಇದೆ, ಅದನ್ನು ಕಾಯ್ದುಕೋ ಎಂದು ಹೇಳಬೇಕು; ಹೇಳಿದಂತೆ ಅದು ಬಳಕೆಗೆ ಬರುವ ಕೆಲಸವನ್ನೂ ತೋರಿಸಬೇಕು. ಶಿಕ್ಷಕರಿಗೂ, ಹಳೆಯ ವಿದ್ಯಾರ್ಥಿಗಳಿಗೂ, ಉದಾರಿಗಳಾದ ದಾನಿಗಳಿಗೂ ಈ ಹೊಣೆ ಸಮಾನವಾದುದು.